ಥರ್ಮನ್ ಮಾವನ ಭಾರದ ತೋಟಾಗಳು

ಲೋನ್ ವಿಲೋ ಊರಿನ ಬಂದೂಕು ಕ್ಲಬ್ಬಿನಲ್ಲಿ ಅಕ್ಟೋಬರ್ ತಿಂಗಳ ಮೊದಲ ಭಾನುವಾರ ತಿಂಡಿ ಎಷ್ಟು ಹೊತ್ತಿಗೆ ಎಂಬುದನ್ನು ಗಡಿಯಾರ ಹೇಳುವುದಿಲ್ಲ. ಇಪ್ಪತ್ತೈದು ಗಜದಾಚೆ, ಮಣ್ಣಿನ ದಿಬ್ಬದ ಮುಂದೆ ಒಂದು ಮರದ ಕಂಬವಿದೆ. ಕಂಬದ ತಲೆಯ ಮೇಲೆ ಅಂಗೈಗಿಂತ ತುಸು ಅಗಲದ ಕಬ್ಬಿಣದ ಬಿಲ್ಲೆ. ಆ ಬಿಲ್ಲೆ ಆರು ಸಲ ಠಣ್ ಎನ್ನಬೇಕು, ಆಮೇಲೆಯೇ ಪ್ಯಾನ್‌ಕೇಕ್ ಬಡಿಸಬೇಕು. ಇದು ಯಾರು ಮಾಡಿದ ಕಟ್ಟಳೆಯೋ ಯಾರಿಗೂ ತಿಳಿಯದು. ಮಾಡಿದವನಿಗೆ ಅಂದು ಹಸಿವಿರಲಿಲ್ಲ ಎಂಬುದು ಮಾತ್ರ ಖಂಡಿತ.

ಮೂವತ್ತೊಂದು ವರ್ಷ ಆ ಆರು ಗುಂಡು ಹಾರಿಸಿದವನು ಥರ್ಮನ್ ಎಂಬ ಮುದುಕ. ಅವನದು ನಲವತ್ತೈದು ಕ್ಯಾಲಿಬರಿನ ಹಳೇ ರಿವಾಲ್ವರ್. ಆರು ಗುಂಡು, ಆರು ಠಣ್. ಅಡುಗೆ ನೋಡಿಕೊಳ್ಳುವ ಓಪಲ್ ಅವನು ಕೋಟು ಬಿಚ್ಚುವಾಗಲೇ ಹಂಚಿನ ಮೇಲೆ ಹಿಟ್ಟು ಹೊಯ್ಯುತ್ತಿದ್ದಳು, ಅಷ್ಟು ನಂಬಿಕೆ. ಥರ್ಮನ್ ತೀರಿಕೊಂಡ ಮೇಲೆ ರಿವಾಲ್ವರ್ ಮಗಳು ಲವಿನಾಳಿಗೆ ಬಂತು. ಬಿಲ್ಲೆ ಹೊಡೆಯುವ ಗೌರವ ಮಾತ್ರ ಅವಳ ಗಂಡ ಹಾರ್ಲನ್‌ನ ತಲೆಗೆ ಬಂತು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಹಾರ್ಲನ್ ಯಾರ ತಂಟೆಗೂ ಹೋದವನಲ್ಲ. ಆದರೆ ಗೌರವ ತಾನಾಗಿ ಮನೆ ಬಾಗಿಲಿಗೆ ಬಂದರೆ ಬೇಡವೆನ್ನುವಷ್ಟು ದೊಡ್ಡ ಮನುಷ್ಯನೂ ಅಲ್ಲ.

ಹೋದ ವರ್ಷ, ಮೊದಲನೇ ಸಲ, ಹಾರ್ಲನ್ ಇಪ್ಪತ್ತಾರು ಗುಂಡು ಹಾರಿಸಿದ. ಬಿಲ್ಲೆ ಒಂದೇ ಒಂದು ಸಲ ಠಣ್ ಎಂದಿತು. ಅದೂ ಗುಂಡು ತಾಗಿ ಅಲ್ಲ. ಇಪ್ಪತ್ತಾರನೇ ಗುಂಡಿಗೆ ಕಂಬ ನಡು ಮುರಿದು ಬಿದ್ದಾಗ ಬಿಲ್ಲೆ ಕಲ್ಲಿಗೆ ಬಡಿದು ಆದ ಸದ್ದು. ಪ್ಯಾನ್‌ಕೇಕುಗಳು ತಣ್ಣಗಾಗಿ ಚಕ್ಕಳವಾಗಿದ್ದವು. ಕ್ಲಬ್ಬಿನ ಅಧ್ಯಕ್ಷ ರಾಯ್ಸ್ ಒಂದನ್ನು ಎತ್ತಿ ಮೇಜಿಗೆ ಬಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇದಕ್ಕೆ ಗುಂಡು ಹೊಡೀಬಹುದಿತ್ತು. ಠಣ್ ಅಂತಿತ್ತು."

ರಾಯ್ಸ್ ಲವಿನಾಳ ದೊಡ್ಡಪ್ಪನ ಮಗ. ಥರ್ಮನ್ ಚಿಕ್ಕಪ್ಪನ ರಿವಾಲ್ವರ್ ತನ್ನ ಕೈಗೇ ಬರಬೇಕಿತ್ತು ಎಂಬ ಮಾತನ್ನು ಅವನು ಒಂದು ದಿನವೂ ಬಾಯಿಬಿಟ್ಟು ಆಡಿರಲಿಲ್ಲ, ಒಂದು ದಿನವೂ ಮರೆತೂ ಇರಲಿಲ್ಲ.

ಈ ವರ್ಷ ಸೆಪ್ಟೆಂಬರ್ ಬರುತ್ತಿದ್ದ ಹಾಗೆ ರಾಯ್ಸ್ ಹಾರ್ಲನ್‌ನ ಮನೆಗೆ ಬಂದು ಹೇಳಿದ. "ನೋಡು ಮಾರಾಯ, ನನಗೇನೂ ನಿನ್ನ ಮೇಲೆ ಸಿಟ್ಟಿಲ್ಲ. ಊರಿನ ಹೊಟ್ಟೆ ಪ್ರಶ್ನೆ. ಈ ಸಲವೂ ತಪ್ಪಿದ್ರೆ ಮುಂದಿನ ವರ್ಷದಿಂದ ನಾನೇ ಹೊಡೀತೀನಿ, ನನ್ನ ಪಿಸ್ತೂಲಲ್ಲಿ. ಚಿಕ್ಕಪ್ಪನ ರಿವಾಲ್ವರನ್ನ ಕ್ಲಬ್ಬಿನ ಗೋಡೆಗೆ ನೇತುಹಾಕೋಣ. ಗಾಜಿನ ಪೆಟ್ಟಿಗೆ ಮಾಡಿಸಿದೀನಿ."

"ಆಗಲೇ ಮಾಡಿಸಿದೀಯಾ?" ಎಂದಳು ಲವಿನಾ.

"ಅಳತೆ ಅಷ್ಟೇ ಕೊಟ್ಟಿದೀನಿ," ಎಂದ ರಾಯ್ಸ್.

ಅವನು ಹೋದ ಮೇಲೆ ಲವಿನಾ ಅಪ್ಪನ ರಿವಾಲ್ವರನ್ನು ಕಪಾಟಿನಿಂದ ತೆಗೆದು, ಒರೆಸಿ, ಮತ್ತೆ ಇಟ್ಟಳು. ಅದು ಒರೆಸುವ ದಿನವಾಗಿರಲಿಲ್ಲ. ಹಾರ್ಲನ್ ಅದನ್ನು ನೋಡಿದ. ಆ ಆಯುಧ ಈ ಮನೆ ಬಿಟ್ಟು ಗಾಜಿನೊಳಗೆ ಹೋಗಕೂಡದು ಎಂದು ಅವನು ಅಲ್ಲಿಯೇ ನಿಶ್ಚಯಿಸಿದ.

ಈಗ ಒಂದು ಗುಟ್ಟು ಹೇಳಬೇಕು. ಹಾರ್ಲನ್ ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಥರ್ಮನ್ ಮಾವ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಮನೆಯಲ್ಲೇ ಮದ್ದು ಅಳೆದು, ಭಾರವಾದ ಸೀಸದ ಗುಂಡು ಕೂರಿಸಿ ಮಾಡುತ್ತಿದ್ದ. ಸಾಯುವಾಗ ಅಂಥ ಐದು ಡಬ್ಬಿ ಬಿಟ್ಟುಹೋಗಿದ್ದ. ಹಾರ್ಲನ್ ಅದರಲ್ಲಿ ಮೂರು ತೋಟಾ ಹಾರಿಸಿ ನೋಡಿದ್ದ. ಮೂರನೆಯದಕ್ಕೆ ಮಣಿಕಟ್ಟು ಊದಿಕೊಂಡು ಎರಡು ವಾರ ಅಂಗಿಯ ಗುಂಡಿ ಹಾಕಲು ಆಗಿರಲಿಲ್ಲ. ಬಸ್ಸಿನ ಗೇರು ಎಳೆದೆಳೆದು ಸವೆದ ಮಣಿಕಟ್ಟು ಅದು. ಹಾಗಾಗಿ ಅವನು ಹೋದ ವರ್ಷವೇ ಎಂಬತ್ತು ಮೈಲಿ ದೂರದ ಊರಿಗೆ ಹೋಗಿ, ಯಾರೂ ಗುರುತಿಲ್ಲದ ಅಂಗಡಿಯಲ್ಲಿ, ಹಗುರ ಗುಂಡಿನ ತೋಟಾ ತಂದ. ಡಬ್ಬಿಯ ಮೇಲೆ "ಮೆತ್ತನೆಯ ಒದೆತ, ಮನೆಮಂದಿಗೆಲ್ಲ ಸೂಕ್ತ" ಎಂದು ಬರೆದಿತ್ತು. ಆ ಡಬ್ಬಿಯನ್ನು ಒಲೆಗೆ ಹಾಕಿ, ತೋಟಾಗಳನ್ನು ಮಾವನ ಹಳೇ ಡಬ್ಬಿಯಲ್ಲಿ ಜೋಡಿಸಿಟ್ಟ. ಲೋನ್ ವಿಲೋ ಊರಿನಲ್ಲಿ ಹಗುರ ತೋಟಾ ಹಾರಿಸುವ ಗಂಡಸು ಎಂದರೆ ಮಳೆಗಾಲದಲ್ಲಿ ಛತ್ರಿ ಹಿಡಿದ ಬಾತುಕೋಳಿ ಇದ್ದ ಹಾಗೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಅದು ನಿಜ. ಕಾಲಿಲ್ಲದ್ದರಿಂದಲೇ ಹೇಳಿದವನು ಅದನ್ನು ಹೊತ್ತು ತಿರುಗಬೇಕಾಗುತ್ತದೆ.

ಹಾರ್ಲನ್ ಮೊದಲು ಹೊತ್ತುಕೊಂಡು ಹೋದದ್ದು ಓಪಲ್‌ಳ ಹೋಟೆಲಿಗೆ. ಅವಳು ಕಾಫಿ ಬಗ್ಗಿಸುತ್ತ ಕೇಳಿದಳು.

"ಅಲ್ಲ ಹಾರ್ಲನ್, ಅದೇ ರಿವಾಲ್ವರು, ಅದೇ ಥರ್ಮನ್ ಮಾಡಿದ ತೋಟಾ. ಬದಲಾಗಿರೋದು ನೀನೊಬ್ಬನೇ. ಅಂದ್ಮೇಲೆ ತಪ್ಪು ಎಲ್ಲಿದೆ?"

"ನನ್ನಲ್ಲೇ ಇರ್ಬೇಕು," ಎಂದ ಹಾರ್ಲನ್.

"ಕೈ ನಡುಗತ್ತಾ? ದಿನಕ್ಕೆ ಎಷ್ಟು ಕಾಫಿ?"

"ಎಂಟು. ಇಲ್ಲಿ ಆರು."

ಓಪಲ್ ತನ್ನ ವ್ಯಾಪಾರ ತಾನೇ ಕೆಡಿಸಿಕೊಂಡು, ಬಗ್ಗಿಸಿದ ಕಾಫಿಯನ್ನು ಮತ್ತೆ ಪಾತ್ರೆಗೆ ಸುರಿದಳು. ಮರುದಿನದಿಂದ ಹಾರ್ಲನ್ ಬಿಸಿನೀರು ಕುಡಿಯತೊಡಗಿದ. ಬೆಳಗ್ಗೆ ಏಳಕ್ಕೆ ಬಿಸಿನೀರಿನ ಬಟ್ಟಲ ಮುಂದೆ ಕೂತ ಅವನನ್ನು ಕಂಡು ಊರವರು ಹತ್ತಿರ ಬಂದು ಭುಜ ತಟ್ಟಿ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ಮೆಲ್ಲಗೆ ಕೇಳಿಹೋದರು. ಒಂದು ವಾರ ಕಳೆದು ಮನೆಯ ಹಿಂದಿನ ಬಯಲಿನಲ್ಲಿ ಕಂಬ ನೆಟ್ಟು ಹೊಡೆದು ನೋಡಿದ. ಬಿಲ್ಲೆಯ ಕೆಳಗೆ, ಕಂಬಕ್ಕೆ, ಅದೇ ಜಾಗ. ಕೈಯೇನೋ ನಡುಗಲಿಲ್ಲ, ತಲೆ ಸಿಡಿಯುತ್ತಿತ್ತು.

ಆಮೇಲೆ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದ. ಆಕೆ ಗೋಡೆಯ ಮೇಲಿನ ಅಕ್ಷರ ಓದಿಸಿ, "ಗುಂಡು ಎಲ್ಲಿಗೆ ಹೋಗ್ತಿದೆ?" ಎಂದು ಕೇಳಿದಳು.

"ಕೆಳಗೆ, ಡಾಕ್ಟ್ರೇ. ಯಾವಾಗಲೂ ಕೆಳಗೆ. ನಾಲ್ಕೂವರೆ, ಐದು ಇಂಚು."

"ತೋಟಾ ಬದಲಾಯಿಸಿದೀರಾ?"

"ಇಲ್ಲ. ಮಾವನದ್ದೇ."

"ಹಾಗಾದ್ರೆ ಕಣ್ಣೇ," ಎಂದು ಆಕೆ ದಪ್ಪ ಗಾಜಿನ ಕನ್ನಡಕ ಬರೆದುಕೊಟ್ಟಳು. ಅದನ್ನು ಹಾಕಿಕೊಂಡ ದಿನ ಹಾರ್ಲನ್‌ಗೆ ತನ್ನ ಮನೆಯ ಗೋಡೆ ಕಾಗದದ ಮೇಲೆ ಇಪ್ಪತ್ತು ವರ್ಷದಿಂದ ಸಣ್ಣ ಸಣ್ಣ ಹಕ್ಕಿಗಳಿದ್ದವು ಎಂದು ಗೊತ್ತಾಯಿತು. ರಿವಾಲ್ವರ್ ಹಿಡಿದರೆ ಬಿಲ್ಲೆಯ ಮೇಲಿನ ತುಕ್ಕಿನ ಚುಕ್ಕೆಯೂ ಕಾಣುತ್ತಿತ್ತು. ಗುಂಡು ಹೋಗಿ ಕಂಬಕ್ಕೇ ಹೊಡೆಯಿತು. ಕನ್ನಡಕದಿಂದಾದ ಲಾಭ ಇಷ್ಟೇ: ಮೊದಲು ಮಸುಕಾಗಿ ತಪ್ಪುತ್ತಿದ್ದದ್ದು ಈಗ ಸ್ಪಷ್ಟವಾಗಿ ತಪ್ಪುತ್ತಿತ್ತು.

ಊರವರೆಲ್ಲ ತಲೆಗೊಂದು ಮದ್ದು ಹೇಳಿದರು. ಉಸಿರು ಬಿಗಿಹಿಡಿ ಎಂದವನ ಮಾತು ಕೇಳಿ ಹಾರ್ಲನ್ ಕಣ್ಣು ಕತ್ತಲಿಟ್ಟು ಹುಲ್ಲಿನ ಮೇಲೆ ಕೂತ. ಚರ್ಚಿನ ಪಾದ್ರಿ, "ಬೇರೆಯವರ ಗುಂಡು ಜಂಬದಿಂದ ಮೇಲೆ ಹೋಗುತ್ತೆ. ನಿನ್ನದು ಕೆಳಗೆ ಹೋಗುತ್ತೆ. ಇದರಲ್ಲಿ ವಿನಯ ಇದೆ," ಎಂದು ಸಮಾಧಾನ ಹೇಳಿದ. ಹಾರ್ಲನ್ ಆ ಹೊಗಳಿಕೆಯನ್ನು ತಲೆ ತಗ್ಗಿಸಿ ಕೇಳಿದ. ವಿನಯದಿಂದಲ್ಲ.

ಆ ಭಾನುವಾರಕ್ಕೆ ಎರಡು ದಿನ ಇದೆ ಎನ್ನುವಾಗ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಂಬ್ರೋಸ್‌ನ ಅಂಗಡಿಗೆ ಹೋದ. ಆಂಬ್ರೋಸ್ ಬಂದೂಕು ರಿಪೇರಿ ಮಾಡುವವನು, ಮಾತಿಗಿಂತ ಕೆಮ್ಮು ಜಾಸ್ತಿ. ಅಲ್ಲಿ ರಾಯ್ಸ್ ಮೊದಲೇ ಕಾಫಿ ಹಿಡಿದು ಕೂತಿದ್ದ. ಅವನ ಕಾಲ ಬಳಿ ಹೋದ ವರ್ಷ ಮುರಿದ ಕಂಬದ ತುಂಡು ಇತ್ತು. ಕೊಲೆ ಮೊಕದ್ದಮೆಯಲ್ಲಿ ಕೊಡಲಿಯನ್ನು ಹಾಜರು ಮಾಡುವ ಹಾಗೆ ಅವನು ಅದನ್ನು ಮೇಜಿನ ಮೇಲಿಟ್ಟ.

ಆಂಬ್ರೋಸ್ ಕಂಬದ ತುಂಡನ್ನು ತಿರುಗಿಸಿ ನೋಡಿದ. ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ. ಕೆಮ್ಮಿದ.

"ಯಾರು ಹೇಳಿದ್ದು ಇವನ ಕಣ್ಣು ಕೆಟ್ಟಿದೆ ಅಂತ?" ಎಂದ. "ಕಣ್ಣು ಕೆಟ್ಟೋನ ಗುಂಡು ಊರೆಲ್ಲ ಅಲೆಯುತ್ತೆ. ಇವು ನೋಡು, ಒಂದೇ ಗೂಡಿನ ಮರಿಗಳ ಹಾಗಿವೆ. ನನ್ನ ಒಂದು ಅಂಗೈ ಸಾಕು ಮುಚ್ಚೋಕೆ. ರಾಯ್ಸ್, ನಿನ್ನ ಪಿಸ್ತೂಲಲ್ಲಿ ಹೀಗೆ ಬೀಳಲ್ಲ."

ರಾಯ್ಸ್ ಕಾಫಿ ಕುಡಿದ.

"ಕೈ ಸರಿ ಇದೆ, ಕಣ್ಣು ಸರಿ ಇದೆ. ಗುರಿ ಇಟ್ಟ ಜಾಗ ಒಂದು, ಗುಂಡು ಬೀಳೋ ಜಾಗ ಒಂದು. ಅಷ್ಟೇ," ಎಂದ ಆಂಬ್ರೋಸ್. "ಯಾವ ತೋಟಾ ಹಾಕ್ತಿದೀಯ?"

ಹಾರ್ಲನ್‌ನ ಮುಖವನ್ನೇ ರಾಯ್ಸ್ ನೋಡುತ್ತಿದ್ದ.

"ಮಾವನದ್ದೇ," ಎಂದ ಹಾರ್ಲನ್.

"ಸತ್ಯವಾಗ್ಲೂ?"

"ಡಬ್ಬಿ ಅದೇ," ಎಂದ ಹಾರ್ಲನ್. ಇದು ಪೂರ್ತಿ ಸುಳ್ಳಲ್ಲವಲ್ಲ ಎಂದು ಅವನಿಗೆ ಸ್ವಲ್ಪ ನೆಮ್ಮದಿಯೂ ಆಯಿತು.

ಆಂಬ್ರೋಸ್ ರಿವಾಲ್ವರಿನ ನಳಿಗೆಯ ತುದಿಯಲ್ಲಿದ್ದ ಉಕ್ಕಿನ ಪುಟ್ಟ ಹಲ್ಲನ್ನು ನೋಡಿದ. ಗುರಿ ಹಿಡಿಯುವಾಗ ಕಣ್ಣು ಆ ಹಲ್ಲಿನ ತುದಿಯನ್ನೇ ನೋಡಬೇಕು. ಈಗಿನ ಪಿಸ್ತೂಲುಗಳಲ್ಲಿ ತಿರುಪು ತಿರುಗಿಸಿ ಅದನ್ನು ಏರಿಸಿ ಇಳಿಸಬಹುದು. ಈ ಹಳೆಯದರಲ್ಲಿ ಇದ್ದದ್ದು ಇದ್ದ ಹಾಗೆ.

"ಹಾಗಾದ್ರೆ ಇದನ್ನ ಉಜ್ಜಬೇಕು. ಹಲ್ಲು ಗಿಡ್ಡ ಮಾಡಿದ್ರೆ ಗುಂಡು ಮೇಲೆ ಹೋಗುತ್ತೆ," ಎಂದು ಆಂಬ್ರೋಸ್ ಅರ ತೆಗೆದುಕೊಂಡ. ರಿವಾಲ್ವರನ್ನು ಮೇಜಿಗೆ ಕೂರಿಸಿದ ಇಕ್ಕಳದಲ್ಲಿ ಬಿಗಿದ. "ಒಂದು ಮಾತು. ಉಜ್ಜಿದ್ದನ್ನ ಮತ್ತೆ ಅಂಟಿಸೋಕಾಗಲ್ಲ. ಈ ಹಲ್ಲನ್ನ ಥರ್ಮನ್ನೇ ಉಜ್ಜಿದ್ದು. ಒಂದು ಚಳಿಗಾಲ ಪೂರ್ತಿ. ಒಂದು ಗೀಟು ಉಜ್ಜೋದು, ಹೊರಗೆ ಹೋಗಿ ಹೊಡೆಯೋದು. ಲವಿನಾ ಆಗ ಇಷ್ಟುದ್ದ ಇದ್ಲು, ಹಿಮದಲ್ಲಿ ಓಡಿಹೋಗಿ ಎಲ್ಲಿ ಬಿತ್ತು ಅಂತ ನೋಡಿ ಕೂಗಿ ಹೇಳೋಳು. ಆ ತೋಟಾಗೆ ಈ ಹಲ್ಲು ಅಂತ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ದೆ ಕೂರಿಸಿದ್ದ ಅಂತ ನಾನು ತಿಳ್ಕೊಂಡಿದ್ದೆ."

ಅವನು ಅರವನ್ನು ಹಲ್ಲಿನ ಮೇಲಿಟ್ಟು ತಲೆಯಾಡಿಸಿದ.

"ಅದೇ ತೋಟಾದಲ್ಲಿ ಐದು ಇಂಚು ಕೆಳಗೆ ಹೊಡೀತಿದೆ ಅಂದ್ರೆ, ಥರ್ಮನ್‌ಗೆ ಕೆಲಸ ಗೊತ್ತಿರಲಿಲ್ಲ ಅಂತ ಆಯ್ತು. ಅಷ್ಟು ವರ್ಷ ಅದೃಷ್ಟದ ಮೇಲೇ ಹೊಡೆದ್ನೋ ಏನೋ."

"ನನಗೂ ಹಾಗೇ ಅನಿಸ್ತಿತ್ತು," ಎಂದ ರಾಯ್ಸ್. "ಚಿಕ್ಕಪ್ಪ ಹೇಳಿಕೊಂಡಷ್ಟೇನೂ ಇರಲಿಲ್ಲ."

ಅರ ಒಮ್ಮೆ ಕಿರ್ ಎಂದಿತು.

"ತಡಿ," ಎಂದ ಹಾರ್ಲನ್.

ಆಂಬ್ರೋಸ್ ತಡೆದ.

"ಅದು ಮಾವನ ತೋಟಾ ಅಲ್ಲ. ಮಾವನ ಡಬ್ಬಿ. ಒಳಗಿರೋದು ಅಂಗಡಿಯದ್ದು. ಹಗುರದ್ದು. ಮನೆಮಂದಿಗೆಲ್ಲ ಸೂಕ್ತ ಅಂತ ಬರೆದಿತ್ತು. ಮಣಿಕಟ್ಟು ನೋಯ್ತಿತ್ತು, ಅದಕ್ಕೆ."

ಆಂಬ್ರೋಸ್‌ಗೆ ಕೆಮ್ಮು ಕೂಡ ಬರಲಿಲ್ಲ. ಅವನು ಅರವನ್ನು ಕೆಳಗಿಟ್ಟು, ಹಲ್ಲಿನ ತುದಿಯಲ್ಲಿ ಮಿಂಚುತ್ತಿದ್ದ ಒಂದು ಸಣ್ಣ ಗೀಟನ್ನು ಬೆರಳಿನಿಂದ ಒರೆಸಿದ. ಕಂಬದ ತುಂಡಿನಿಂದ ಒಂದು ಗುಂಡು ಕೆತ್ತಿ ತೆಗೆದು ಅಂಗೈಯಲ್ಲಿ ತೂಗಿ ನೋಡಿದ.

"ಇದನ್ನ ಆಗಲೇ ಹೇಳಿದ್ದಿದ್ರೆ ನಿನಗೊಂದು ಕನ್ನಡಕದ ದುಡ್ಡು ಉಳೀತಿತ್ತು," ಎಂದ. "ಕೇಳು. ತೋಟಾ ಸಿಡಿದ ತಕ್ಷಣ ರಿವಾಲ್ವರಿನ ಮೂತಿ ಮೇಲೇಳೋಕೆ ಶುರು ಮಾಡುತ್ತೆ. ಗುಂಡು ಇನ್ನೂ ನಳಿಗೆ ಒಳಗೇ ಇರುತ್ತೆ. ಭಾರದ ಗುಂಡು ನಿಧಾನ, ಒದೆತ ಜೋರು. ಅದು ಹೊರಗೆ ಬರೋ ಹೊತ್ತಿಗೆ ಮೂತಿ ಎದ್ದಿರುತ್ತೆ, ಗುಂಡು ಮೇಲೆ ಬೀಳುತ್ತೆ. ಹಗುರದ್ದು ಮೂತಿ ಏಳೋ ಮೊದಲೇ ಹಾರಿಹೋಗುತ್ತೆ, ಕೆಳಗೆ ಬೀಳುತ್ತೆ."

ಹಾರ್ಲನ್ ಯೋಚಿಸಿದ. "ಬಸ್ಸು ಪೂರ್ತಿ ನಿಲ್ಲೋ ಮೊದಲೇ ತೆಳ್ಳಗಿನ ಹುಡುಗರು ಹಾರಿಬಿಡ್ತಾರೆ. ಬೇಲಿ ಹತ್ರ ಬೀಳ್ತಾರೆ. ದಪ್ಪಗಿರೋರು ಮನೆ ಬಾಗಿಲಲ್ಲೇ ಇಳೀತಾರೆ."

"ಹಾಗೇ," ಎಂದ ಆಂಬ್ರೋಸ್.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು, ಮತ್ತು ಅದನ್ನು ಡೊಂಕು ಮಾಡಿದವನೇ ತಿಂಗಳಿಡೀ ತನ್ನ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದ.

ರಾಯ್ಸ್ ಎದ್ದು ಟೋಪಿ ಹಾಕಿಕೊಂಡ. "ಸರಿ ಹೋಯ್ತಲ್ಲ. ಭಾನುವಾರ ಚಿಕ್ಕಪ್ಪನ ತೋಟಾ ಹಾಕಿ ಹೊಡಿ. ಆಗಲ್ಲ ಅಂದ್ರೆ ಅವನ ರಿವಾಲ್ವರ್ ಹಿಡಿಯೋ ಯೋಗ್ಯತೆ ಇಲ್ಲ ಅಂತ ಒಪ್ಪಿಕೋ." ಅವನ ಗಾಡಿ ಓಪಲ್‌ಳ ಹೋಟೆಲಿನ ದಿಕ್ಕಿಗೆ ತಿರುಗಿದ್ದನ್ನು ಹಾರ್ಲನ್ ಕಿಟಕಿಯಿಂದ ನೋಡಿದ. ತಾನು ಮನೆ ಸೇರಲು ಹತ್ತು ನಿಮಿಷ ಬೇಕು. ಸುದ್ದಿಗೆ ನಾಲ್ಕು ಸಾಕು.

ಆದರೂ ಅವನೇ ಮೊದಲು ಮುಟ್ಟಿದ. ಲವಿನಾ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಳು. ಹಾರ್ಲನ್ ಬಾಗಿಲಲ್ಲೇ ನಿಂತು, ಕೋಟು ಕೂಡ ಬಿಚ್ಚದೆ, ಎಲ್ಲವನ್ನೂ ಹೇಳಿದ. ಅರದ ಗೀಟನ್ನೂ ಹೇಳಿದ. ಅದನ್ನು ಹೇಳುವಾಗ ಮಾತ್ರ ಸ್ವರ ಸಣ್ಣದಾಯಿತು.

ಲವಿನಾ ಚಾಕು ಕೆಳಗಿಟ್ಟಳು. ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದು ಹಾರ್ಲನ್ ಹತ್ತಿರ ಹೋದರೆ ಅವಳು ನಗುತ್ತಿದ್ದಳು. ಸ್ವಲ್ಪ ಅತ್ತೂ ಇದ್ದಳು.

"ಹಾರ್ಲನ್, ಅಪ್ಪನ ಐದು ಡಬ್ಬಿ ಯಾಕೆ ಉಳೀತು ಅಂತ ಒಂದು ದಿನವಾದ್ರೂ ಯೋಚಿಸಿದೀಯಾ? ಪ್ರತಿ ಶನಿವಾರ ಐವತ್ತು ಗುಂಡು ಹಾರಿಸೋ ಮನುಷ್ಯ."

"ಯಾಕೆ?"

"ಹೊಡೆಯೋಕೆ ಆಗಿದ್ರೆ ಉಳೀತಿತ್ತಾ? ಕೊನೆ ಏಳು ವರ್ಷ ಅಪ್ಪನ ಕೈಯಲ್ಲಿ ಆಗ್ತಿರಲಿಲ್ಲ. ನಾನೇ ಹಗುರದ್ದು ಮಾಡಿಕೊಡ್ತಿದ್ದೆ, ಇದೇ ಮೇಜಿನ ಮೇಲೆ, ನೀನು ಬಸ್ಸಿಗೆ ಹೋದ ಮೇಲೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಗಂಡನಿಗೂ."

ಹಾರ್ಲನ್ ಕುರ್ಚಿಯ ಮೇಲೆ ಕೂತ. "ಮತ್ತೆ ಆರಕ್ಕೆ ಆರು ಹೇಗೆ ಹೊಡೀತಿದ್ರು? ಅವರದ್ದೂ ಕೆಳಗೇ ಹೋಗ್ಬೇಕಿತ್ತಲ್ಲ."

"ಹೋಗ್ತಿತ್ತು. ಅದಕ್ಕೆ ಬಿಲ್ಲೆಗೆ ಗುರಿ ಇಡ್ತಿರಲಿಲ್ಲ." ಲವಿನಾ ಒಂದು ತಟ್ಟೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದು, ಅದರ ನೆತ್ತಿಯ ಮೇಲೆ ಒಂದು ಸೇಬು ಇಟ್ಟಳು. "ಬಿಲ್ಲೆ ಮೇಲೆ ಹೀಗೆ ಒಂದು ಸೇಬು ಕೂತಿದೆ ಅಂದುಕೊಳ್ಳೋರು. ಇಲ್ಲದ ಸೇಬಿಗೆ ಹೊಡೆಯೋರು, ಇರೋ ಬಿಲ್ಲೆಗೆ ತಾಗೋದು." ಸೇಬು ಉರುಳಿತು. ಅವಳು ಹಿಡಿದುಕೊಂಡಳು. "ಹಲ್ಲು ಯಾಕೆ ಉಜ್ಜಲ್ಲ ಅಂತ ಕೇಳಿದ್ದೆ. ಅದು ನನ್ನ ಒಳ್ಳೇ ಕಾಲದ ಅಳತೆ, ಇರಲಿ ಬಿಡು ಅಂದ್ರು. ನೀನೂ ಇದನ್ನ ಯಾರಿಗೂ ಹೇಳಬೇಡ. ಆಣೆ ಒಂದೇ ಸಲ ಮುರೀಬೇಕು."

ಭಾನುವಾರ ಕ್ಲಬ್ಬಿನ ಬಯಲಿನಲ್ಲಿ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಹಸಿವಿನಿಂದ ಅಲ್ಲ. ಎರಡು ದಿನದಲ್ಲಿ ಹಾರ್ಲನ್‌ನ ಹಗುರ ತೋಟಾ ಊರಿನ ಎಲ್ಲ ಮನೆಗೂ ಹೋಗಿ ಕಾಫಿ ಕುಡಿದು ಬಂದಿತ್ತು.

"ಏನ್ ಹಾರ್ಲನ್, ಹತ್ತಿ ತುಂಬಿದೀಯಾ?"

"ಮನೆಮಂದಿಗೆಲ್ಲ ಸೂಕ್ತವಂತೆ. ನಮ್ಮ ಬೆಕ್ಕಿಗೂ ಒಂದು ಕೊಡು."

ಹಾರ್ಲನ್ ಮೇಜಿನ ಬಳಿ ಹೋಗಿ ಹಿಂದಿನ ದಿನವೇ ಹೋಗಿ ತಂದಿದ್ದ ಅಂಗಡಿಯ ಹೊಸ ಡಬ್ಬಿಯನ್ನು, ಹೆಸರು ಎಲ್ಲರಿಗೂ ಕಾಣುವ ಹಾಗೆ, ಇಟ್ಟ. ರಾಯ್ಸ್ ಮುಂದೆ ಬಂದ.

"ಇದು ಚಿಕ್ಕಪ್ಪನ ತೋಟಾ ಅಲ್ಲ. ಆ ಮನುಷ್ಯ ಎಂಬತ್ತರಲ್ಲೂ ಭಾರದ್ದೇ ಹೊಡೀತಿದ್ದ. ಅವನ ರಿವಾಲ್ವರಲ್ಲಿ ಇದನ್ನ ಹಾಕೋಕೆ ನಾಚಿಕೆ ಆಗಲ್ವಾ?"

ಇಲ್ಲಿ ಹಾರ್ಲನ್ ಒಂದು ಮಾತು ಆಡಿದ್ದರೆ ಸಾಕಿತ್ತು. ರಾಯ್ಸ್‌ನ ಬಾಯಿ ಮುಚ್ಚುತ್ತಿತ್ತು, ಬೆಕ್ಕಿನ ಮಾತಾಡಿದವನ ಬಾಯಿಯೂ ಮುಚ್ಚುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಅವನು ಲವಿನಾಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ತುಟಿ ಬಿಗಿಹಿಡಿದು ಬಿಲ್ಲೆಯನ್ನು ನೋಡುತ್ತಿದ್ದಳು.

"ಆಗುತ್ತೆ," ಎಂದ ಹಾರ್ಲನ್. "ಆದ್ರೂ ನನ್ನ ಕೈಯಲ್ಲಾಗೋದು ಇದೇ."

"ಕಟ್ಟಳೇಲಿ ಆರು ಠಣ್ ಅಂತ ಇದೆ. ಗುಂಡಿನ ತೂಕ ಎಲ್ಲೂ ಹೇಳಿಲ್ಲ," ಎಂದು ಒಲೆಯ ಹಿಂದಿನಿಂದ ಓಪಲ್ ಕೂಗಿದಳು. "ಬೇಗ ಮುಗಿಸ್ರಪ್ಪ, ಹಿಟ್ಟು ಹುಳಿ ಬರ್ತಿದೆ."

ಹಾರ್ಲನ್ ರಿವಾಲ್ವರ್ ಎತ್ತಿದ. ಬಿಲ್ಲೆಯ ಮೇಲೆ, ಏನೂ ಇಲ್ಲದಲ್ಲಿ, ಒಂದು ಸೇಬನ್ನು ಕೂರಿಸಿದ. ಮೊದಲ ಗುಂಡು ಠಣ್ ಎನ್ನಿಸದೆ ಬಿಲ್ಲೆಯ ಮೇಲಿನಿಂದ ಹೋಗಿ ದಿಬ್ಬದ ಮಣ್ಣು ಹಾರಿಸಿತು. ಯಾರೋ ನಕ್ಕರು. ಸೇಬು ತುಸು ದೊಡ್ಡದಾಯಿತು ಎಂದು ಹಾರ್ಲನ್ ಅಂದುಕೊಂಡ. ಲವಿನಾ ಕೊಳ್ಳುವುದು ಸಣ್ಣ ಸೇಬು.

ಎರಡನೆಯದು ಠಣ್ ಎಂದಿತು. ಮೂರನೆಯದೂ. ಐದು ಠಣ್ ಆಗುವ ಹೊತ್ತಿಗೆ ರಿವಾಲ್ವರ್ ಖಾಲಿ. ಅವನು ಇನ್ನೊಂದೇ ಒಂದು ತೋಟಾ ತುಂಬಿದ. ನಗುತ್ತಿದ್ದವರು ಈಗ ಉಸಿರು ಬಿಗಿಹಿಡಿದಿದ್ದರು, ಹಿಂದೆ ಅವನಿಗೆ ಹೇಳಿಕೊಟ್ಟ ಹಾಗೆಯೇ.

ಠಣ್.

ಓಪಲ್ ಹಂಚಿನ ಮೇಲೆ ಹಿಟ್ಟು ಹೊಯ್ದಳು. ಜನ ತಟ್ಟೆ ಹಿಡಿದು ಸಾಲು ನಿಂತರು. ಲವಿನಾ ಬಂದು ರಿವಾಲ್ವರನ್ನು ಗಂಡನ ಕೈಯಿಂದ ತೆಗೆದುಕೊಂಡು, ಖಾಲಿಯಾಗಿದೆಯೇ ಎಂದು ನೋಡಿ, ಬಟ್ಟೆಯಲ್ಲಿ ಸುತ್ತಿ ತನ್ನ ಚೀಲದಲ್ಲಿಟ್ಟುಕೊಂಡಳು.

ತಿಂಡಿಯ ಮೇಜಿನಲ್ಲಿ ಹಾರ್ಲನ್ ಕೂತ ಮೇಲೆ ಒಂದು ವಿಚಿತ್ರ ನಡೆಯಿತು. ಬೆಕ್ಕಿಗೆ ತೋಟಾ ಕೇಳಿದವನು ಉಪ್ಪು ತೆಗೆದುಕೊಳ್ಳುವ ನೆಪದಲ್ಲಿ ಬಗ್ಗಿ, "ಆ ಅಂಗಡಿ ಯಾವ ಊರಲ್ಲಿ?" ಎಂದು ಕೇಳಿದ. ಆಮೇಲೆ ಪಾದ್ರಿ ಬಂದ. ಆಮೇಲೆ ಅರವತ್ತು ದಾಟಿದ ಇನ್ನೂ ನಾಲ್ವರು, ಒಬ್ಬನಿಗೆ ಕಾಣದಂತೆ ಇನ್ನೊಬ್ಬ. ಆಂಬ್ರೋಸ್ ದೂರದಲ್ಲಿ ಕೂತು ಕೆಮ್ಮುತ್ತ ಎಲ್ಲವನ್ನೂ ನೋಡುತ್ತಿದ್ದ.

ಕೊನೆಗೆ ರಾಯ್ಸ್ ಬಂದು ಎದುರಿಗೆ ಕೂತ. ಬಹಳ ಹೊತ್ತು ಪ್ಯಾನ್‌ಕೇಕನ್ನು ಕತ್ತರಿಸಿದ, ತಿನ್ನಲಿಲ್ಲ.

"ನಮ್ಮ ಅಳಿಯನಿಗೆ ಒಂದು ಡಬ್ಬಿ ಬೇಕಿತ್ತು," ಎಂದ. "ಅವನಿಗೆ ಮಣಿಕಟ್ಟು ನೋವು."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ ಆಯ್ತು."

ರಾಯ್ಸ್‌ನ ಮಗಳ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅಳಿಯ ಇಪ್ಪತ್ತಾರರ ಹುಡುಗ, ಆಚೆ ಮೇಜಿನಲ್ಲಿ ಕೂತು ಒಂದೇ ಕೈಯಲ್ಲಿ ಬೆಂಚು ಎತ್ತಿ ಹೆಂಡತಿಯನ್ನು ನಗಿಸುತ್ತಿದ್ದ.

"ತಂದುಕೊಡ್ತೀನಿ," ಎಂದ ಹಾರ್ಲನ್.

ರಾಯ್ಸ್ ಮೇಪಲ್ ಪಾಕದ ಜಗ್ಗಿಗೆ ಕೈ ಹಾಕಿದ. ಅದು ದೊಡ್ಡ ಜಗ್ಗು, ತುಂಬಿತ್ತು. ಎರಡು ಅಂಗುಲ ಮೇಲೆದ್ದು ಅಲ್ಲೇ ನಡುಗುತ್ತ ನಿಂತಿತು. ಹಾರ್ಲನ್ ತನ್ನ ಕೈಯನ್ನೂ ಅದರ ಅಡಿಗೆ ಕೊಟ್ಟ. ಕೆಟ್ಟ ಮಣಿಕಟ್ಟು ಎರಡು ಸೇರಿ ಜಗ್ಗನ್ನು ತಟ್ಟೆಯವರೆಗೆ ಒಯ್ದವು. ಮೊದಲು ಸ್ವಲ್ಪ ಪಾಕ ತಟ್ಟೆ ತಲುಪದೆ ಮೇಜಿನ ಮೇಲೆ ಬಿತ್ತು.

"ಸ್ವಲ್ಪ ಮೇಲೆ," ಎಂದ ಹಾರ್ಲನ್.